ಆ 2.6 ಸೆಕೆಂಡ್ ಕತ್ತರಿಸಬೇಡಿ

ಅಪೊಲೊ ಯಾತ್ರೆಗಳ ರೆಕಾರ್ಡಿಂಗ್ ಹಿಡಿದು ನನ್ನ ಹತ್ತಿರ ಬರುವವರು ಹೆಚ್ಚಾಗಿ ಕೇಳುವುದು ಒಂದೇ. "ಸರ್, ಮಧ್ಯದ ಖಾಲಿ ಜಾಗ ತೆಗೆದುಬಿಡಿ, ಮಾತು ಬೇಗ ಬೇಗ ಸಾಗಲಿ." ದಯವಿಟ್ಟು ಬೇಡ. ಚಂದ್ರನ ದೂರ ಇರುವುದೇ ಆ ಖಾಲಿ ಜಾಗದಲ್ಲಿ.

ರೇಡಿಯೊ ಅಲೆ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡ್ ಬೇಕು, ಹೋಗಿ ಬರಲು 2.6. ಇಷ್ಟು ಎಲ್ಲರಿಗೂ ಗೊತ್ತು. ಟೇಪ್ ಎಲ್ಲಿ ಓಡುತ್ತಿತ್ತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾವು ಸಾಮಾನ್ಯವಾಗಿ ಕೇಳುವುದು ಭೂಮಿಯಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ಹ್ಯೂಸ್ಟನ್, ಅಂದರೆ ಅಮೆರಿಕದಲ್ಲಿದ್ದ ನಿಯಂತ್ರಣ ಕೇಂದ್ರ, ಪ್ರಶ್ನೆ ಕೇಳಿದರೆ ಉತ್ತರ 2.6 ಸೆಕೆಂಡಿಗಿಂತ ಮೊದಲು ಬರಲಾರದು. ಆದರೆ ಚಂದ್ರನಿಂದ ಪ್ರಶ್ನೆ ಬಂದಾಗ ಹ್ಯೂಸ್ಟನ್ ಥಟ್ಟನೆ ಉತ್ತರಿಸುತ್ತದೆ. ಪ್ರಶ್ನೆ ಕಿವಿಗೆ ಬಿದ್ದದ್ದು ಇಲ್ಲಿ, ಉತ್ತರ ಹೇಳಿದ್ದೂ ಇಲ್ಲಿ, ಟೇಪೂ ಇಲ್ಲೇ. "ಇಷ್ಟು ಬೇಗ ಉತ್ತರ ಹೇಗೆ ಬಂತು, ಎಲ್ಲ ಸುಳ್ಳು" ಅನ್ನುವವರು ಇದನ್ನೇ ಕೇಳಿರುತ್ತಾರೆ. ಇಲ್ಲವೇ ಯಾರೋ ಕತ್ತರಿಸಿದ್ದನ್ನು. ಅದೇ ಮಾತುಕತೆಯನ್ನು ನೌಕೆಯೊಳಗೆ ರೆಕಾರ್ಡ್ ಮಾಡಿದರೆ ಲೆಕ್ಕ ತಿರುಗುಮುರುಗು. ಅಲ್ಲಿ ಹ್ಯೂಸ್ಟನ್ನಿನ ಉತ್ತರವೇ ತಡ.

ಹ್ಯೂಸ್ಟನ್ ಮಾತಿನ ಹಿಂದೆ ಮುಂದೆ ಕೇಳಿಸುವ ಬೀಪ್ ಬೇಡವೆಂದರೆ ತಗ್ಗಿಸಿಕೊಡುತ್ತೇನೆ. ಅದು ಚಂದ್ರನಿಂದ ಬಂದದ್ದಲ್ಲ. ದೂರದ ನೆಲಕೇಂದ್ರದ ಟ್ರಾನ್ಸ್‌ಮಿಟರ್ ಆನ್ ಮಾಡಲು 2525 ಹರ್ಟ್ಸ್, ಆಫ್ ಮಾಡಲು 2475 ಹರ್ಟ್ಸ್. ಗೊರಗೊರ ಸದ್ದಿನ ವಿಷಯ ಬೇರೆ. ಅದನ್ನು ಪೂರ್ತಿ ಒರೆಸಲು ಹೋದರೆ ಸಾಫ್ಟ್‌ವೇರ್ ಉಸಿರನ್ನೂ 'ಸ'ಕಾರವನ್ನೂ ನುಂಗುತ್ತದೆ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟು ಆರ್ಮ್‌ಸ್ಟ್ರಾಂಗ್ ಆಡಿದ ಮೊದಲ ವಾಕ್ಯದಲ್ಲಿ, ಇಂಗ್ಲಿಷಿನ 'ಮ್ಯಾನ್' ಪದಕ್ಕೆ ಮುಂಚೆ, ಒಂದು ಪುಟ್ಟ 'ಎ' ಇತ್ತೇ ಇಲ್ಲವೇ ಎಂದು ಇನ್ನೂ ಚರ್ಚೆ ನಡೆದಿದೆ. ನನ್ನ ಕಿವಿ ಒಂದು ದಿನ ಇತ್ತು ಅನ್ನುತ್ತದೆ, ಇನ್ನೊಂದು ದಿನ ಇಲ್ಲ. ಹಾಗಿರುವಾಗ ಒರೆಸುವುದು ಹೇಗೆ?

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಒಳ್ಳೆ ಹುಡುಗ, ಸ್ವಲ್ಪ ಅವಸರ ಜಾಸ್ತಿ. "ಹ್ಯೂಸ್ಟನ್ ಮಾತು ಎರಡು ಸಲ ಕೇಳಿಸ್ತಿದೆ ಸರ್, ಎರಡನೆಯದು ಅಳಿಸಿ" ಅಂದ. ಹೆಡ್‌ಫೋನ್ ಕೊಟ್ಟು ಸುಮ್ನೆ ಕೂರಿಸಿದೆ. ಹ್ಯೂಸ್ಟನ್ ದನಿ ಅಲ್ಲಿ ಗಗನಯಾತ್ರಿಯ ಕಿವಿಯ ಸ್ಪೀಕರಿನಿಂದ ಅವರದೇ ಮೈಕಿಗೆ ಸೋರಿ, ಮತ್ತೆ ಭೂಮಿಗೆ ಬರುತ್ತಿತ್ತು ಎಂದು ವಿವರಿಸಿದೆ. ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದ.

"ಅಂದ್ರೆ ಈ ಎರಡನೇ ದನಿ ಚಂದ್ರನಿಗೆ ಹೋಗಿ ಬಂದದ್ದಾ ಸರ್?"

ಹೌದಪ್ಪ, ಅಂದೆ.