‘ರಿಮೂವಲ್’ ಅಂದ್ರೆ ಒಕ್ಕಲೆಬ್ಬಿಸುವುದು

ಅಮೆರಿಕದ ಇತಿಹಾಸ ಓದುವಾಗ ‘ಇಂಡಿಯನ್ ರಿಮೂವಲ್’ ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಇಂಡಿಯನ್ ಅಂದ್ರೆ ನಾವಲ್ಲ, ಅಲ್ಲಿನ ಮೂಲನಿವಾಸಿಗಳು. ಕನ್ನಡದಲ್ಲಿ ಇದನ್ನು ‘ಸ್ಥಳಾಂತರ’ ಅಂತ ಬರೆಯಬಹುದು. ಆದರೆ ನನಗೆ ಆ ಪದ ಸಾಲದು. ಆಫೀಸು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋದರೂ ಸ್ಥಳಾಂತರವೇ ಅಲ್ವಾ? ನಮ್ಮಲ್ಲಿ ಇನ್ನೊಂದು ಮಾತಿದೆ: ಒಕ್ಕಲೆಬ್ಬಿಸುವುದು. ಉತ್ತು ಬಿತ್ತಿ ಬಾಳುತ್ತಿದ್ದವರನ್ನು ಅವರ ನೆಲದಿಂದ ಎಬ್ಬಿಸಿ ಕಳಿಸುವುದು. 1830ರ ದಶಕದಲ್ಲಿ ಅಲ್ಲಿ ಆದದ್ದು ಅದೇ.

ಹಿನ್ನೆಲೆ ಹೀಗಿದೆ. 1803ರಲ್ಲಿ ಅಧ್ಯಕ್ಷ ಜೆಫರ್ಸನ್ ಫ್ರಾನ್ಸಿನಿಂದ ಲೂಸಿಯಾನಾವನ್ನು 1.5 ಕೋಟಿ ಡಾಲರಿಗೆ ಕೊಂಡರು. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ವಿಶಾಲ ನೆಲ ದೇಶದ ಕೈಗೆ ಬಂತು, ಪೂರ್ವದಲ್ಲಿರುವ ಮೂಲನಿವಾಸಿಗಳನ್ನು ಅಲ್ಲಿಗೆ ಕಳಿಸಬಹುದು ಅನ್ನೋ ಯೋಚನೆ ಆಗಲೇ ಶುರುವಾಯಿತು. ಅದರ ಹಿಂದಿನ ವರ್ಷವೇ ಕೇಂದ್ರ ಸರ್ಕಾರ ಜಾರ್ಜಿಯಾ ರಾಜ್ಯಕ್ಕೆ, ನಿಮ್ಮ ಗಡಿಯೊಳಗಿನ ಇಂಡಿಯನ್ನರ ಭೂಮಿಯ ಹಕ್ಕನ್ನು ಬಿಡಿಸಿಕೊಡುತ್ತೇವೆ ಅಂತ ಮಾತು ಕೊಟ್ಟಿತ್ತು. ಆಮೇಲೆ ಹತ್ತಿಗೆ ಒಳ್ಳೆ ಬೆಲೆ ಬಂತು, ಹತ್ತಿ ಬೆಳೆಯೋಕೆ ನೆಲ ಬೇಕು, ದುಡಿಸೋಕೆ ಗುಲಾಮರು ಬೇಕು. ದಕ್ಷಿಣದ ರಾಜ್ಯಗಳಿಗೆ ಚೆರೋಕಿ, ಚಾಕ್ಟಾ, ಕ್ರೀಕ್, ಚಿಕಸಾ, ಸೆಮಿನೋಲ್ ಜನರ ನೆಲದ ಮೇಲೆ ಕಣ್ಣು ಬಿತ್ತು. ಜಾರ್ಜಿಯಾದ ಡಲೋನಗಾ ಸುತ್ತಮುತ್ತ ಚಿನ್ನವೂ ಸಿಕ್ಕಿತು.

1830ರ ಮೇ 28ರಂದು ಅಧ್ಯಕ್ಷ ಆಂಡ್ರೂ ಜಾಕ್ಸನ್ ರಿಮೂವಲ್ ಕಾನೂನಿಗೆ ಸಹಿ ಹಾಕಿದರು. ಕಾನೂನಿನ ಪೂರ್ತಿ ಹೆಸರಲ್ಲಿ ಮೊದಲು ಬರುವುದು ‘ಭೂಮಿಯ ವಿನಿಮಯ’, ಆಮೇಲೆ ‘ರಿಮೂವಲ್’. ಬಲವಂತದ ಮಾತೇ ಇಲ್ಲ. ಅಧ್ಯಕ್ಷರು ಒಪ್ಪಂದ ಮಾಡಿಕೊಳ್ಳಬಹುದು, ಪೂರ್ವದ ನೆಲಕ್ಕೆ ಬದಲಾಗಿ ಪಶ್ಚಿಮದಲ್ಲಿ ನೆಲ ಕೊಡಬಹುದು, ಖರ್ಚಿಗೆ 5 ಲಕ್ಷ ಡಾಲರ್ ಇದೆ, ಇಷ್ಟೇ. ಕಾಗದದ ಮೇಲೆ ಇಷ್ಟು ಮೆತ್ತಗಿದ್ದ ಮಾತು ನೆಲದ ಮೇಲೆ ಏನಾಯಿತು ಅಂತ ನೋಡಿದಾಗಲೇ ಈ ಪದದ ಅರ್ಥ ತಿಳಿಯುವುದು. ಆಗಿನ ಎಲ್ಲರೂ ಇದನ್ನು ಒಪ್ಪಿದ್ದರು ಅನ್ನೋದೂ ಸುಳ್ಳು. ಪ್ರತಿನಿಧಿ ಸಭೆಯಲ್ಲಿ 102 ಮತ ಪರ, 97 ವಿರೋಧ. ನ್ಯೂಜೆರ್ಸಿಯ ಸೆನೆಟರ್ ಫ್ರೀಲಿಂಗ್‌ಹೈಸನ್ ಮೂರು ದಿನ ಸೇರಿ ಆರು ಗಂಟೆ ವಿರೋಧಿಸಿ ಮಾತಾಡಿದರು. ಜಾಕ್ಸನ್ ಅವರ ಸ್ವಂತ ರಾಜ್ಯ ಟೆನೆಸಿಯ ಪ್ರತಿನಿಧಿ ಡೇವಿ ಕ್ರಾಕೆಟ್ ವಿರುದ್ಧವಾಗಿ ಮತ ಹಾಕಿದರು. ಮತದ ಹಕ್ಕೇ ಇಲ್ಲದ ಹೆಂಗಸರು ಊರೂರಿಂದ ಮನವಿ ಕಳಿಸಿದರು.

ಚೆರೋಕಿಗಳ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ಇವರು ಅಲೆಮಾರಿಗಳಲ್ಲ, ಹೊಲ ಮನೆ ಮಾಡಿಕೊಂಡಿದ್ದ ಜನ. ಕೆಲವು ಶ್ರೀಮಂತ ಚೆರೋಕಿಗಳು ತಾವೂ ಗುಲಾಮರನ್ನು ಇಟ್ಟುಕೊಂಡಿದ್ದರು, ಅದನ್ನೂ ಹೇಳಲೇಬೇಕು. 1821ರ ಹೊತ್ತಿಗೆ ಸೆಕ್ವೋಯಾ ಅನ್ನುವವರು ತಮ್ಮ ಭಾಷೆಗೆ ಒಬ್ಬರೇ ಕೂತು ಲಿಪಿ ಮಾಡಿದರು. ನಮ್ಮ ಹಾಗೆ ಕ, ಕಿ, ಕು ಅಂತ ಉಚ್ಚಾರಕ್ಕೊಂದು ಅಕ್ಷರ. ಆದರೆ ಗುಣಿತ ಇಲ್ಲ, ಪ್ರತಿಯೊಂದಕ್ಕೂ ಬೇರೆಯೇ ಆಕಾರ, ಒಟ್ಟು 80ಕ್ಕೂ ಜಾಸ್ತಿ. 1827ರಲ್ಲಿ ಚೆರೋಕಿಗಳು ತಮ್ಮದೇ ಸಂವಿಧಾನ ಬರೆದುಕೊಂಡರು. 1828ರಲ್ಲಿ ಅವರ ರಾಜಧಾನಿ ನ್ಯೂ ಎಕೋಟಾದಿಂದ ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಶುರುವಾಯಿತು, ಚೆರೋಕಿ ಮತ್ತು ಇಂಗ್ಲಿಷ್ ಎರಡರಲ್ಲೂ.

ಜಾರ್ಜಿಯಾ ಸರ್ಕಾರ ಈ ನೆಲವನ್ನು ಹಂಚಿದ ರೀತಿ ಓದಿದಾಗ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. 1832ರಲ್ಲಿ ಲಾಟರಿ ಎತ್ತಿದರು. ಒಂದು ಪೀಪಾಯಿಯಲ್ಲಿ ಹೆಸರಿನ ಚೀಟಿ, ಇನ್ನೊಂದರಲ್ಲಿ ಜಮೀನಿನ ಚೀಟಿ. ಹೊಲಕ್ಕೆ 160 ಎಕರೆಯ ತುಂಡು, ಚಿನ್ನ ಇರುವ ಕಡೆ 40 ಎಕರೆಯದು. ಚೀಟಿ ಎತ್ತುವಾಗ ಆ ಹೊಲಗಳಲ್ಲಿ ಚೆರೋಕಿಗಳು ಇನ್ನೂ ಬಾಳುತ್ತಿದ್ದರು. ಅವರ ಮುಖಂಡ ಜಾನ್ ರಾಸ್ 1835ರಲ್ಲಿ ವಾಷಿಂಗ್ಟನ್ನಿನಿಂದ ಮನೆಗೆ ಬಂದಾಗ, ಮನೆಯಲ್ಲಿ ಲಾಟರಿ ಗೆದ್ದವನು ಕೂತಿದ್ದ.

ಕೋರ್ಟು ಇರಲಿಲ್ವಾ ಅಂದ್ರೆ, ಇತ್ತು. ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಅಂತ 1832ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಜ್ಯ ಕೇಳಲಿಲ್ಲ, ಜಾಕ್ಸನ್ ಸುಮ್ಮನಿದ್ದರು.

ಕೊನೆಗೆ 1835ರ ಡಿಸೆಂಬರಿನಲ್ಲಿ ಒಂದು ಸಣ್ಣ ಗುಂಪು ನ್ಯೂ ಎಕೋಟಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ‘ಫೀನಿಕ್ಸ್’ನ ಮೊದಲ ಸಂಪಾದಕ ಎಲಿಯಾಸ್ ಬೂಡಿನಾಟ್ ಕೂಡ ಅದರಲ್ಲಿದ್ದರು, ಇಲ್ಲೇ ಉಳಿದರೆ ಜನ ಉಳಿಯುವುದಿಲ್ಲ ಅಂತ ಅವರಿಗೆ ಅನ್ನಿಸಿತ್ತು. ರಾಸ್ ಸಹಿ ಹಾಕಲಿಲ್ಲ, ಸಾವಿರಾರು ಚೆರೋಕಿಗಳ ವಿರೋಧದ ಅರ್ಜಿ ವಾಷಿಂಗ್ಟನ್ನಿಗೆ ಹೋಯಿತು. ಆದರೂ ಸೆನೆಟ್ ಒಪ್ಪಂದವನ್ನು ಪಾಸು ಮಾಡಿತು, ಒಂದೇ ಒಂದು ಮತ ಕಡಿಮೆ ಬಿದ್ದಿದ್ದರೂ ಬೇಕಾದ ಮೂರನೇ ಎರಡರಷ್ಟು ಮತ ಸಿಗುತ್ತಿರಲಿಲ್ಲ. 1838ರಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಸೈನಿಕರೊಂದಿಗೆ ಬಂದರು. ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ತುಂಬಿದರು, ಅಲ್ಲೇ ಭೇದಿ, ದಡಾರ ಹರಡಿದವು. ಉಳಿದವರು ಚಳಿಗಾಲದಲ್ಲಿ ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ ಸವೆಸಿದರು. ಹೊರಟವರು ಸುಮಾರು 16,000 ಜನ. ಸತ್ತವರು 4,000ದಷ್ಟು ಅಂತ ಅಂದಾಜು. ರಾಸ್ ಅವರ ಹೆಂಡತಿ ಕ್ವೇಟಿ ಕೂಡ ದಾರಿಯಲ್ಲೇ ತೀರಿಕೊಂಡರು. ‘ಕಣ್ಣೀರ ಹಾದಿ’ ಅಂತ ಕರೆಯುವುದು ಇದನ್ನೇ.

ಜಾರ್ಜಿಯಾದ ಕಾವಲು ಪಡೆ 1835ರಲ್ಲೇ ‘ಫೀನಿಕ್ಸ್’ನ ಮುದ್ರಣ ಯಂತ್ರವನ್ನು ಹೊತ್ತುಕೊಂಡು ಹೋಗಿತ್ತು. 1844ರಲ್ಲಿ, ಈಗಿನ ಓಕ್ಲಹೋಮಾದ ತಾಲೆಕ್ವಾ ಊರಿನಲ್ಲಿ, ‘ಚೆರೋಕಿ ಅಡ್ವೊಕೇಟ್’ ಅನ್ನೋ ಹೊಸ ಪತ್ರಿಕೆ ಹೊರಬಂತು. ಮತ್ತೆ ಎರಡು ಭಾಷೆಯಲ್ಲಿ, ಸೆಕ್ವೋಯಾ ಮಾಡಿಕೊಟ್ಟ ಅದೇ ಅಕ್ಷರಗಳಲ್ಲಿ.