ತಾರಾ ವರ್ಚಸ್ಸು: ಹಾಡುಗಾರನ ಮಾತಿಗೆ ತೂಕ ಎಲ್ಲಿಂದ?

ಚುನಾವಣೆಯ ಹೊತ್ತಿಗೆ ಮಂಗಳೂರಿನ ನೆಹರೂ ಮೈದಾನದಲ್ಲಿ ಸಭೆ ಇದ್ದರೆ, ನಾಯಕರು ಬರುವ ತನಕ ವೇದಿಕೆಯಲ್ಲಿ ಹಾಡು ಇಡುವುದುಂಟು. ಜನ ಎದ್ದು ಹೋಗದಿರಲಿ ಅಂತ. ಹಾಡಿದವರು ಸಂಭಾವನೆ ತಗೊಂಡು ಮನೆಗೆ ಹೋಗುತ್ತಾರೆ. ಅದು ಅವರ ಕಸುಬು. ಆದರೆ ಊರೆಲ್ಲ ಬಲ್ಲ ಗಾಯಕರೊಬ್ಬರು ಅದೇ ಮೈಕಿನಲ್ಲಿ ಎರಡು ಮಾತು ಆಡಿದರೆ, ಮರುದಿನ ಚಾದಂಗಡಿಯಲ್ಲಿ ಪ್ರಶ್ನೆ ಏಳುತ್ತದೆ: "ಅವರು ಯಾವ ಪಾರ್ಟಿ ಮಾರಾಯ್ರೆ?" ಆ ಎರಡು ಮಾತಿಗೆ ಬಂದ ತೂಕವನ್ನೇ 'ತಾರಾ ವರ್ಚಸ್ಸು' ಅನ್ನುವುದು.

ವರ್ಚಸ್ಸು ಸಂಸ್ಕೃತದ ಪದ. ಮೂಲ ಅರ್ಥ ಕಾಂತಿ, ತೇಜಸ್ಸು. ಈಗ 'ಅವರಿಗೆ ವರ್ಚಸ್ಸಿದೆ' ಅಂದರೆ ಅವರ ಮಾತನ್ನು ಜನ ಕೇಳುತ್ತಾರೆ ಅಂತ. ಶಾಸಕರಿಗೆ ಅದು ಕುರ್ಚಿಯಿಂದ ಬರಬಹುದು. ಹಾಡುಗಾರನಿಗೆ ಕುರ್ಚಿ ಬೇಡ, ಕೇಳುಗರು ಸಾಕು.

'ತಾರಾ ಪ್ರಚಾರಕ' ಅನ್ನುವುದು ಬೇರೆ. ಅದು ಚುನಾವಣಾ ಲೆಕ್ಕದ ಪದ. ಮಾನ್ಯತೆ ಪಡೆದ ಪಕ್ಷವೊಂದು ಸಾಮಾನ್ಯವಾಗಿ 40 ಜನರ ಪಟ್ಟಿ ಕೊಡಬಹುದು. ಅವರ ಓಡಾಟದ ಖರ್ಚು ಅಭ್ಯರ್ಥಿಯ ತಲೆ ಮೇಲೆ ಬೀಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂತು ಅಂತ ವರ್ಚಸ್ಸು ಬರುವುದಿಲ್ಲ, ಅಲ್ವಾ?

ಅದು ಹೇಗೆ ಬರುತ್ತದೆ ಅನ್ನುವುದು ಕರಾವಳಿಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಯಕ್ಷಗಾನದಲ್ಲಿ ಭಾಗವತರ ದನಿಗೋಸ್ಕರವೇ ಬೆಳಗಿನ ತನಕ ಕೂರುವವರು ನಾವು. ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಉಡುಪಿ, ಕುಂದಾಪುರದ ಕಡೆ ಇವತ್ತಿಗೂ ಅವರ ಪದ್ಯ ಹಾಕಿಕೊಂಡು ಕೇಳುತ್ತಾರೆ. ಅವರು ರಾಜಕೀಯದವರಲ್ಲ. ಆದರೆ ರಾತ್ರಿಗಟ್ಟಲೆ ಕೇಳಿದ ದನಿ ಮನೆಯವರ ದನಿಯ ಹಾಗಾಗುತ್ತದೆ. ಅಂಥ ದನಿ ಊರಿನ ವಿಷಯ ಎತ್ತಿದರೆ ಯಾರು ಕಿವಿಗೊಡುವುದಿಲ್ಲ?

ನಮಗೆ ಹತ್ತಿರದ ಉದಾಹರಣೆ ಗೋವಾದ್ದು. 1967ರ ಜನವರಿ 16ರಂದು ಅಲ್ಲಿ ಜನಮತಗಣನೆ ನಡೆಯಿತು. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಬೇಡವೋ? ಗಾಯಕ ಉಲ್ಹಾಸ್ ಬುಯಾಂವ್ ಊರೂರು ಸುತ್ತಿ ಬೇಡ ಅಂತ ಕೊಂಕಣಿಯಲ್ಲಿ ಹಾಡಿದರು. ವಿಲೀನ ಬೇಡ ಅಂದವರ ಮತ 34 ಸಾವಿರದಷ್ಟು ಜಾಸ್ತಿ ಬಂತು. ಗೆಲುವೆಲ್ಲ ಹಾಡಿನದ್ದು ಅನ್ನಲು ಬರುವುದಿಲ್ಲ, ಪತ್ರಿಕೆ, ಸಭೆ, ಮುಖಂಡರು ಎಲ್ಲ ಇದ್ದರು. ಆದರೆ ಭಾಷಣ ಹೋಗದ ಅಡುಗೆಮನೆಗೂ ಹಾಡು ಹೋಗುತ್ತದೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಹಾಡು ಕೇಳುತ್ತಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಡಾ. ರಾಜ್‌ಕುಮಾರ್. ನಟ ಮಾತ್ರ ಅಲ್ಲ, ಹಾಡುಗಾರರೂ ಹೌದು, ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು. 1982ರಲ್ಲಿ ಅವರು ಇಳಿದ ಮೇಲೆ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿ ಸಾಹಿತಿಗಳ ಕೈಯಿಂದ ಬೀದಿಯ ಜನರ ಕೈಗೆ ಬಂತು. ಅವರು ಒಂದೇ ಒಂದು ಚುನಾವಣೆಗೂ ನಿಲ್ಲಲಿಲ್ಲ. ಹಾಗಾಗಿಯೇ ಅವರ ಮಾತು ಎಲ್ಲ ಪಕ್ಷದವರ ಮನೆಯೊಳಗೂ ಹೋಯಿತು ಅಂತ ನನ್ನ ನಂಬಿಕೆ.

ಕುರ್ಚಿಯಿಲ್ಲದ ಈ ಶಕ್ತಿಗೆ ಸರ್ಕಾರಗಳು ಹೆದರುತ್ತವೆ. ನೈಜೀರಿಯಾದ ಫೇಲಾ ಕುಟಿ ಹಾಡಿನಲ್ಲೇ ಮಿಲಿಟರಿ ಆಡಳಿತವನ್ನು ಎದುರು ಹಾಕಿಕೊಂಡವರು. 1977ರಲ್ಲಿ ಸೈನಿಕರು ಅವರ ಮನೆಗೆ ನುಗ್ಗಿ ಬೆಂಕಿ ಇಟ್ಟರು. ವಯಸ್ಸಾದ ತಾಯಿಯನ್ನು ಕಿಟಕಿಯಿಂದ ಹೊರಗೆ ಎಸೆದರು. ಮರುವರ್ಷ ಆ ತಾಯಿ ತೀರಿಕೊಂಡರು.

ವರ್ಚಸ್ಸು ಮತವಾಗುತ್ತದೆಯಾ? ಉಗಾಂಡದ ಗಾಯಕ ಬೋಬಿ ವೈನ್ 2017ರಲ್ಲಿ ಸಂಸತ್ತಿಗೆ ಗೆದ್ದರು, 2021ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಎರಡನೆಯವರಾದರು. ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಅವರ ಕತೆ ಇನ್ನೂ ಬೇರೆ. 1967ರಲ್ಲಿ ಪಕ್ಷೇತರರಾಗಿ ನಿಂತು ಶಾಸಕರಾದರು. 2004ರಲ್ಲಿ ಬಿಜೆಪಿಯಿಂದ ಗುವಾಹಟಿಯಲ್ಲಿ ಲೋಕಸಭೆಗೆ ನಿಂತರು, ಸೋತರು. ದನಿ ಅದೇ, ಕೇಳುಗರೂ ಅವರೇ. ಪಕ್ಷದ ಚಿಹ್ನೆ ಬಂದ ಕೂಡಲೇ ಜನ ಹಾಡನ್ನೂ ಮತವನ್ನೂ ಬೇರೆ ಮಾಡಿ ನೋಡಿದರು. 2011ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ, ಅದೇ ಗುವಾಹಟಿಯಲ್ಲಿ ಲಕ್ಷಾಂತರ ಜನ ಕೊನೆಯ ದರ್ಶನಕ್ಕೆ ಸಾಲು ನಿಂತರು.