ಪ್ರಸಂಗ ಸಲೀಸು, ಬಾಗಿಲ ಬಳಿಯ ಮಾತು ಸುಸ್ತು: ಇದು ಯಾವ ದಣಿವು?

ಪ್ರಶ್ನೆ: ನಾನು ಚರ್ಚೊಂದರ ಸಭಾಪಾಲಕ. ಆರಾಧನೆ, ಪ್ರಸಂಗ ಕಷ್ಟವೆನಿಸುವುದಿಲ್ಲ. ಆಮೇಲೆ ಬಾಗಿಲ ಬಳಿ ಜನರನ್ನು ಮಾತಾಡಿಸಿ ಬಂದರೆ ಮಾತ್ರ ದಿನವಿಡೀ ಏಳಲಾಗದು. ನನಗೆ ಆಟಿಸಂ ಇರಬಹುದೇ? ರಜೆ ಹಾಕಿದರೂ ಯಾಕೆ ಸುಧಾರಿಸಲಿಲ್ಲ?

ಉತ್ತರ: ಆರಾಧನೆಯಲ್ಲಿ ಯಾವುದಾದ ಮೇಲೆ ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ. ಬಾಗಿಲ ಬಳಿ ಹಾಗಲ್ಲ. ಒಬ್ಬರು ಕೈಕುಲುಕುತ್ತಲೇ ಆಸ್ಪತ್ರೆಯ ವರದಿ ಹೇಳುತ್ತಾರೆ, ಅಷ್ಟರಲ್ಲಿ ಇನ್ನೊಬ್ಬರು ಮಗುವಿನ ದೀಕ್ಷಾಸ್ನಾನದ ದಿನ ಕೇಳುತ್ತಾರೆ, ಒಳಗೆ ಆರ್ಗನ್ ಇನ್ನೂ ನಿಂತಿರುವುದಿಲ್ಲ. ಹೆಸರು ನೆನಪಾಗಬೇಕು, ಮುಖಭಾವ ಬದಲಾಗಬೇಕು, ದನಿ ತಗ್ಗಬೇಕು. ಬೇರೆಯವರಿಗೆ ತಾನಾಗಿ ಒದಗುವ ಇದನ್ನು ಆಟಿಸಂ ಇರುವ ಅನೇಕರು ಪ್ರತಿಸಲ ಲೆಕ್ಕ ಹಾಕಿಯೇ ಮಾಡುತ್ತಾರೆ. ಇದನ್ನೇ ಮಾಸ್ಕಿಂಗ್ ಎನ್ನುವುದು. ಸಭೆಯವರಿಗೆ ಕಾಣುವುದು ನಗುಮುಖ ಮಾತ್ರ.

ರಜೆ ಕೈಕೊಡುವುದೂ ಇಲ್ಲಿಯೇ. ನೆಂಟರ ಮನೆಗೋ ಗುಂಪಿನ ಧ್ಯಾನಕೂಟಕ್ಕೋ ಹೋದರೆ ಕೆಲಸ ತಪ್ಪುತ್ತದೆ, ಮಾಸ್ಕಿಂಗ್ ತಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಹೇಳುವ ಬರ್ನ್‌ಔಟ್ ಕೆಲಸಕ್ಕೆ ಅಂಟಿದ್ದು: ಬಳಲಿಕೆ, ಕೆಲಸದ ಮೇಲೆ ಜಿಗುಪ್ಸೆ, ಕೈಲಾಗದೆಂಬ ಭಾವನೆ. ಆಟಿಸಂನ ಬಳಲಿಕೆ ಮನೆಯೊಳಗೂ ಬರುತ್ತದೆ. ಟ್ಯೂಬ್‌ಲೈಟಿನ ಗುಂಯ್ ಸದ್ದು ತಡೆಯಲಾಗುವುದಿಲ್ಲ, ದಿನಾ ಮಾಡುತ್ತಿದ್ದ ಅಡುಗೆಯ ಕ್ರಮವೇ ತಪ್ಪುತ್ತದೆ, ಹೀಗೇ ತಿಂಗಳುಗಟ್ಟಲೆ.

ನಿಮಗೆ ಆಟಿಸಂ ಇದೆಯೇ ಎಂಬುದನ್ನು ಇಷ್ಟರಿಂದಲೇ ಹೇಳಲಾಗದು. ಆಟಿಸಂ ಲಕ್ಷಣಗಳನ್ನು ಅಳೆಯಲು 2001ರಲ್ಲಿ ಬಂದ ಎಕ್ಯೂ ಪ್ರಶ್ನಾವಳಿಯಲ್ಲಿ 50 ಹೇಳಿಕೆಗಳಿವೆ. 10 ಹೇಳಿಕೆಗಳ ಕಿರುರೂಪದಲ್ಲಿ 6 ಅಥವಾ ಹೆಚ್ಚು ಅಂಕ ಬಂದರೆ ತಜ್ಞರನ್ನು ಕಾಣುವುದು ಒಳ್ಳೆಯದು. ಆದರೆ ದಣಿದು ಹೋದ ಯಾರಿಗಾದರೂ ಜನರ ಸಹವಾಸ ಬೇಡವೆನಿಸುತ್ತದೆ, ಅಂಕ ಏರಬಹುದು. ಬಾಲ್ಯದಲ್ಲೂ ಹೀಗೇ ಇದ್ದಿರಾ ಎಂಬುದು ಅದಕ್ಕಿಂತ ಮುಖ್ಯ.

ಎರಡು ವಾರ ಪ್ರತಿ ಕೆಲಸದ ಮುಂದೆ ಎರಡು ಅಂಕ ಬರೆಯಿರಿ: ದಣಿವಿಗೆ ಒಂದು, ತೃಪ್ತಿಗೆ ಒಂದು. ಪಾದ್ರಿಗಳಿಗೆಂದೇ ರೂಪಿಸಿದ ಫ್ರಾನ್ಸಿಸ್ ಬರ್ನ್‌ಔಟ್ ಮಾಪನವೂ ಇವೆರಡನ್ನು ಬೇರೆಬೇರೆಯಾಗಿ, ತಲಾ 11 ಹೇಳಿಕೆಗಳಲ್ಲಿ ಅಳೆಯುತ್ತದೆ. ತುಂಬ ಜನ ತಪ್ಪುವುದು ಇಲ್ಲೇ: ಹೊರೆ ಇಳಿಸಲು ಹೋಗಿ ಪ್ರಸಂಗವನ್ನೇ ಬಿಡುತ್ತಾರೆ, ಸಮಿತಿ ಸಭೆಗಳನ್ನು ಇಟ್ಟುಕೊಳ್ಳುತ್ತಾರೆ. ತೃಪ್ತಿ ಕೊಡುವುದನ್ನು ದಯವಿಟ್ಟು ಬಿಡಬೇಡಿ. ಬಾಗಿಲ ಬಳಿ ಹತ್ತೇ ನಿಮಿಷ ನಿಲ್ಲಿ. ಪಕ್ಕದಲ್ಲಿ ಹಿರಿಯರೊಬ್ಬರು ಚೀಟಿ ಹಿಡಿದು ನಿಂತು ಕೋರಿಕೆಗಳನ್ನು ಬರೆದುಕೊಳ್ಳಲಿ. ಆಮೇಲೆ ಅರ್ಧ ಗಂಟೆ ವಸ್ತ್ರಾಗಾರದಲ್ಲಿ (ನಿಲುವಂಗಿ ತೊಡುವ ಕೋಣೆ) ಬಾಗಿಲು ಮುಚ್ಚಿ, ಫೋನಿಲ್ಲದೆ ಕೂರಿ. ಮನೆ ಭೇಟಿ ದಿನಕ್ಕೆ ಎರಡು ಸಾಕು, ನಡುವೆ ಬಿಡುವಿರಲಿ.

ಬದುಕೇ ಬೇಡವೆನಿಸಿದರೆ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಅದೇ ದಿನ ವೈದ್ಯರನ್ನು ಕಾಣಿ.

ಬಿಷಪರಿಗೆ ರೋಗನಿರ್ಣಯದ ಕಾಗದ ತೋರಿಸಲೇಬೇಕೆಂದಿಲ್ಲ. ಬೇಕಾದದ್ದನ್ನಷ್ಟೇ ಕೇಳಬಹುದು: “ಸಭೆಯ ಕಾರ್ಯಸೂಚಿ ಎರಡು ದಿನ ಮೊದಲು ಬರಹದಲ್ಲಿ ಸಿಗಲಿ, ವಾರದಲ್ಲಿ ಒಂದು ದಿನ ತುರ್ತು ಕರೆಗಳಿಗೆ ಬೇರೊಬ್ಬರು ಹೋಗಲಿ.”